ಅಧ್ಯಕ್ಷಗಿರಿ ಬೇಡವೆಂದವನು ರೈತರ ಸಭೆಗೆ ಅಧ್ಯಕ್ಷನಾದ ಕಥೆ

2021ರ ದೀಪಾವಳಿಯ ಸಂಜೆ ಅಕ್ಕನ ಮಗ ವಿಡಿಯೊ ಕಾಲ್ ಮಾಡಿದ್ದ. ಆಗ ಅವನು ಉಕ್ರೇನಿನ ಝಪೊರಿಝಿಯಾ ಎಂಬ ಊರಲ್ಲಿ ಮೆಡಿಕಲ್ ಮೂರನೇ ವರ್ಷ. ಚಳಿಗೆ ಮೂಗು ಕೆಂಪಗಾಗಿತ್ತು. ಫೋನನ್ನು ತಿರುಗಿಸಿ ಡ್ನೀಪರ್ ನದಿ ತೋರಿಸಿದ. ಆಮೇಲೆ ಇದ್ದಕ್ಕಿದ್ದ ಹಾಗೆ, "ಚಿಕ್ಕಮ್ಮ, ನೀನು ಹಿಸ್ಟರಿ ಟೀಚರ್ ಅಲ್ವಾ? ಮಖ್ನೋ ಅಂದ್ರೆ ಯಾರು ಹೇಳು ನೋಡೋಣ" ಅಂದ.

ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ರಷ್ಯಾದ ಕ್ರಾಂತಿ ಪಾಠ ಮಾಡಿದವಳು ನಾನು. ಆ ಹೆಸರು ಕಿವಿಗೇ ಬಿದ್ದಿರಲಿಲ್ಲ.

"ನನ್ನ ಕ್ಲಾಸ್‌ಮೇಟ್ ಒಬ್ಬಳಿದ್ದಾಳೆ. ಅವಳ ಅಜ್ಜಿಯ ಊರು ಹುಲ್ಯಾಪೋಲೆ ಅಂತ, ಇಲ್ಲಿಂದ ಬಸ್ಸಲ್ಲಿ ಹೋಗಬಹುದು. ನೂರು ವರ್ಷದ ಹಿಂದೆ ಆ ಊರಿನ ರೈತರು ಯಾರ ರಾಜ್ಯವೂ ಬೇಡ ಅಂತ ಹೊರಟಿದ್ರಂತೆ. ಜಾರ್ ದೊರೆನೂ ಬೇಡ, ಲೆನಿನ್ನೂ ಬೇಡ ಅಂತ. ಅವರ ಲೀಡರ್ ಮಖ್ನೋ ಅಂತೆ" ಅಂದ.

"ಆಮೇಲೆ ಓದ್ತೀನಿ ಕಣೋ, ಮೊದಲು ನೀನು ಸ್ವೆಟರ್ ಹಾಕ್ಕೋ" ಅಂತ ನಾನು ಮಾತು ಮುಗಿಸಿದ್ದೆ.

ಮುಂದಿನ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು. ಅವನು ರೈಲಿನಲ್ಲಿ ದೇಶದ ಪಶ್ಚಿಮದ ಗಡಿ ಮುಟ್ಟಿ ಅಲ್ಲಿಂದ ವಿಮಾನ ಹತ್ತಿ ಬರುವವರೆಗೆ ಮನೆಯಲ್ಲಿ ಯಾರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅವನು ಬಂದ ಮೇಲೂ ನಮ್ಮಕ್ಕ ದಿನಾ ಆ ನಕಾಶೆ ನೋಡುವುದನ್ನು ಬಿಡಲಿಲ್ಲ. ಒಂದು ದಿನ ಅದರಲ್ಲಿ, ಯುದ್ಧದ ಗೆರೆಯ ಹತ್ತಿರವೇ, ಹುಲ್ಯಾಪೋಲೆ ಎಂಬ ಹೆಸರು ಕಂಡಿತು. ಆಗ ನಾನು ಕೊಟ್ಟ ಮಾತು ನೆನಪಾಗಿ ಓದಲು ಕೂತೆ. ಮಖ್ನೋನನ್ನು ಹುಡುಕಿಕೊಂಡು ಹೋದವಳಿಗೆ ದಾರಿಯಲ್ಲಿ ಇನ್ನೊಬ್ಬ ಸಿಕ್ಕಿದ. ಕುದುರೆ ಹತ್ತಿದವನಲ್ಲ, ಕನ್ನಡಕ ಹಾಕಿಕೊಂಡು ಭಾಷಣ ಬರೆಯುವವನು. ಹೆಸರು ವೋಲಿನ್. ಈ ಲೇಖನ ಅವನದು.

ಬೇಡ ಅಂದ ಕುರ್ಚಿ

ವೋಲಿನ್ ಅನ್ನುವುದು ಇಟ್ಟುಕೊಂಡ ಹೆಸರು. ರಷ್ಯನ್ ಭಾಷೆಯ 'ವೋಲ್ಯಾ' ಎಂಬ ಪದಕ್ಕೆ ಇಚ್ಛೆ ಎಂದೂ ಅರ್ಥ, ಸ್ವಾತಂತ್ರ್ಯ ಎಂದೂ ಅರ್ಥ. ಆ ಪದದ ದನಿ ಹೆಸರಿನಲ್ಲೇ ಇದೆ. ಹುಟ್ಟಿದಾಗ ಇಟ್ಟ ಹೆಸರು ವ್ಸೆವೊಲೊದ್ ಐಖೆನ್‌ಬೌಮ್. 1882ರಲ್ಲಿ ಹುಟ್ಟಿದ. ಯಹೂದಿ ಮೂಲದ ಓದಿದ ಮನೆತನ. ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ತಮ್ಮ ಬೊರಿಸ್ ಐಖೆನ್‌ಬೌಮ್ ಮುಂದೆ ರಷ್ಯನ್ ಸಾಹಿತ್ಯ ವಿಮರ್ಶೆಯಲ್ಲಿ ದೊಡ್ಡ ಹೆಸರು ಮಾಡಿದ. ಅಣ್ಣ ಮಾತ್ರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲಾ ಓದುವುದನ್ನು ಅರ್ಧಕ್ಕೇ ಬಿಟ್ಟು, ಕಾರ್ಖಾನೆ ಕೆಲಸಗಾರರಿಗೆ ಸಂಜೆ ಹೊತ್ತು ಪಾಠ ಹೇಳಲು ಹೋದ.

1905ರ ಜನವರಿಯಲ್ಲಿ ಜಾರ್ ದೊರೆಗೆ ಅಹವಾಲು ಕೊಡಲು ಹೊರಟ ಕಾರ್ಮಿಕರ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. 'ರಕ್ತಸಿಕ್ತ ಭಾನುವಾರ' ಅಂತ ನಾನೂ ಪಾಠ ಮಾಡಿದ್ದೇನೆ. ಆಮೇಲಿನ ವಾರಗಳಲ್ಲಿ ವೋಲಿನ್ ಕೋಣೆಗೆ ಕಾರ್ಮಿಕರು ಬರುತ್ತಿದ್ದರು. ನಮ್ಮದೇ ಒಂದು ಕಾಯಂ ಮಂಡಳಿ ಮಾಡಿಕೊಳ್ಳೋಣ ಎಂಬ ಮಾತು ಅಲ್ಲೇ ಹುಟ್ಟಿತು. ರಷ್ಯನ್ ಭಾಷೆಯಲ್ಲಿ ಮಂಡಳಿಗೆ 'ಸೋವಿಯತ್' ಅನ್ನುತ್ತಾರೆ. ಮುಂದೆ ಒಂದಿಡೀ ದೇಶದ ಹೆಸರಾದ ಪದ ಇದು. ಕಾರ್ಮಿಕರು ವೋಲಿನ್‌ಗೆ, ನೀವೇ ಇದರ ಮುಂದಾಳು ಆಗಿ ಅಂದರು. ಅವನು ಒಪ್ಪಲಿಲ್ಲ. ಇದು ಕೆಲಸಗಾರರ ಮಂಡಳಿ, ನಾನು ಕೆಲಸಗಾರನಲ್ಲ, ನಿಮ್ಮ ಕೆಲಸವನ್ನು ನೀವೇ ಮಾಡಬೇಕು ಎಂಬುದು ಅವನ ವಾದ. ಕೊನೆಗೆ ನೊಸಾರ್ ಎಂಬ ವಕೀಲರು ಬೇರೆ ಹೆಸರಿಟ್ಟುಕೊಂಡು ಆ ಸ್ಥಾನಕ್ಕೆ ಬಂದರು.

ಇದು ವೋಲಿನ್ ತಾನೇ ಹೇಳಿಕೊಂಡದ್ದು. ತನ್ನ ಬಗ್ಗೆ ತಾನು ಹೇಳುವಾಗ ಮನುಷ್ಯ ಒಂದು ಹಿಡಿ ಸಕ್ಕರೆ ಜಾಸ್ತಿ ಹಾಕುವುದುಂಟು. ಆದರೂ ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಂಧನ, ಗಡೀಪಾರು, ತಪ್ಪಿಸಿಕೊಂಡು ಫ್ರಾನ್ಸಿಗೆ. ಪ್ಯಾರಿಸ್ಸಿನಲ್ಲಿರುವಾಗ, 1911ರ ಹೊತ್ತಿಗೆ, ಅವನು ಅರಾಜಕತಾವಾದಿಯಾದ. ನಮ್ಮಲ್ಲಿ 'ಅರಾಜಕತೆ' ಅಂದರೆ ಗಲಭೆ, ಲೂಟಿ, ಹೇಳೋರು ಕೇಳೋರು ಇಲ್ಲದ ಸ್ಥಿತಿ. ಪದ ಬಿಡಿಸಿ ನೋಡಿದರೆ ಅದು ಬರೀ ಅ-ರಾಜಕ, ರಾಜನಿಲ್ಲದ್ದು. ಅವರು ಹೇಳುತ್ತಿದ್ದದ್ದು ಇಷ್ಟೇ: ಮೇಲೆ ಕೂತು ಆಳುವವರು ಇಲ್ಲದೆಯೂ ಊರುಗಳು, ಕಾರ್ಖಾನೆಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಬದುಕು ನಡೆಸಬಲ್ಲವು. ಆಗುತ್ತದೋ ಇಲ್ಲವೋ, ಅದು ಬೇರೆ ಮಾತು. ಹಾಗೆ ನಂಬಿದವರು ಇದ್ದರು.

ದನ ಕಾಯುತ್ತಿದ್ದ ಹುಡುಗ

ಮಹಾಯುದ್ಧದ ಕಾಲದಲ್ಲಿ ವೋಲಿನ್ ನ್ಯೂಯಾರ್ಕಿಗೆ ಹೋಗಿ, 1917ರಲ್ಲಿ ಕ್ರಾಂತಿಯ ಸುದ್ದಿ ಕೇಳಿ ರಷ್ಯಾಕ್ಕೆ ಮರಳಿದ. ಅಷ್ಟು ಹೊತ್ತಿಗೆ ದಕ್ಷಿಣ ಉಕ್ರೇನಿನಲ್ಲಿ ಬೇರೆಯೇ ಕಥೆ ನಡೆದಿತ್ತು.

ನೆಸ್ಟರ್ ಮಖ್ನೋ 1888ರಲ್ಲಿ ಹುಲ್ಯಾಪೋಲೆಯ ಬಡ ರೈತನ ಮನೆಯಲ್ಲಿ ಹುಟ್ಟಿದವನು. ಎಳೆಗೂಸಾಗಿದ್ದಾಗಲೇ ಅಪ್ಪ ಹೋದ. ಏಳನೇ ವಯಸ್ಸಿಗೆ ದನ ಕಾಯಲು ಹೋದ. ಜಮೀನ್ದಾರರ ತೋಟಗಳಲ್ಲಿ ದುಡಿದ. ಯೌವನದಲ್ಲಿ ಕ್ರಾಂತಿಕಾರಿಗಳ ಗುಂಪು ಸೇರಿ ಸಿಕ್ಕಿಬಿದ್ದು ಗಲ್ಲುಶಿಕ್ಷೆಯಾಯಿತು. ವಯಸ್ಸು ಚಿಕ್ಕದು ಅಂತ ಅದು ಜೀವಾವಧಿಗೆ ಇಳಿಯಿತು. ಮಾಸ್ಕೋದ ಬುತಿರ್ಕಾ ಜೈಲಿನಲ್ಲಿ ಅವನಿಗೆ ಪಾಠ ಹೇಳಿದವನು ಪ್ಯೋತ್ರ್ ಅರ್ಶಿನೊವ್ ಎಂಬ ಕಬ್ಬಿಣದ ಕೆಲಸಗಾರ. 1917ರಲ್ಲಿ ಬಿಡುಗಡೆಯಾದ ಮಖ್ನೋ ಊರಿಗೆ ಬಂದು ರೈತ ಸಂಘ ಕಟ್ಟಿದ. ಜಮೀನ್ದಾರರ ಭೂಮಿ ರೈತರ ಕೈಗೆ ಬಂತು.

ಮರುವರ್ಷ ಲೆನಿನ್ ಸರ್ಕಾರ ಜರ್ಮನಿಯ ಜೊತೆ ಬ್ರೆಸ್ಟ್-ಲಿಟೊವ್ಸ್ಕ್ ಒಪ್ಪಂದ ಮಾಡಿಕೊಂಡಿತು. ಉಕ್ರೇನಿಗೆ ಜರ್ಮನ್ ಮತ್ತು ಆಸ್ಟ್ರಿಯನ್ ಸೈನ್ಯ ಬಂತು, ಗೋಧಿ ಹೋಯಿತು, ಸ್ಕೊರೊಪಾಡ್ಸ್ಕಿ ಎಂಬ ಸೇನಾಧಿಕಾರಿಯ ಆಳ್ವಿಕೆಯಲ್ಲಿ ಜಮೀನ್ದಾರರು ವಾಪಸ್ ಬಂದರು. ಸಿಕ್ಕ ಭೂಮಿ ಕಣ್ಣೆದುರೇ ಕೈಬಿಟ್ಟರೆ ರೈತ ಸುಮ್ಮನಿರುತ್ತಾನೆಯೇ? ಮಖ್ನೋನ ಸೈನ್ಯ ಹುಟ್ಟಿದ್ದು ಹೀಗೆ, ಪುಸ್ತಕದಿಂದಲ್ಲ. ರೈತರ ಗಾಡಿಯ ಮೇಲೆ ಮೆಷಿನ್ ಗನ್ ಇಟ್ಟು ಕುದುರೆ ಕಟ್ಟಿದರು, ಅದೇ 'ತಚಾಂಕಾ'. ಕಾಲಾಳುಗಳು ಕೂಡ ಗಾಡಿಯಲ್ಲೇ ಹೋಗುತ್ತಿದ್ದುದರಿಂದ ಶತ್ರು ಅಂದುಕೊಂಡದ್ದಕ್ಕಿಂತ ಬೇಗ ಬಂದು ಎರಗುತ್ತಿದ್ದರು. ಜನ ಮಖ್ನೋನನ್ನು 'ಬಾಟ್ಕೊ' ಎಂದು ಕರೆದರು. ಅಪ್ಪ ಎಂದರ್ಥ. ನಮ್ಮಲ್ಲಿ ಅಪ್ಪಾಜಿ ಅನ್ನುವ ಹಾಗೆ. ಯಜಮಾನನೇ ಬೇಡ ಎಂಬ ಚಳವಳಿಗೆ ಒಬ್ಬ ಅಪ್ಪಾಜಿ! ಮುಂದಿನ ಎಷ್ಟೋ ತೊಡಕುಗಳ ಬೀಜ ಈ ಹೆಸರಲ್ಲೇ ಇತ್ತು ಅಂತ ನನಗೆ ಅನ್ನಿಸುತ್ತದೆ.

ಓದುಗರಿಗೆ ತಲೆ ತಿರುಗಬಾರದು ಅಂತ ಇಲ್ಲೊಂದು ಮಾತು. ಆಗ ಅಲ್ಲಿ ಕಾದಾಡುತ್ತಿದ್ದವರು ಬಹಳ ಜನ. ಲೆನಿನ್ನರ ಕೆಂಪು ಸೈನ್ಯ. ಹಳೇ ಆಡಳಿತದ ಸೇನಾಪತಿ ಡೆನಿಕಿನ್ನನ ಬಿಳಿ ಸೈನ್ಯ. ಉಕ್ರೇನಿನ ರಾಷ್ಟ್ರೀಯವಾದಿಗಳು. ಇವರೆಲ್ಲರ ನಡುವೆ ಮಖ್ನೋನ ರೈತರು. ಡೆನಿಕಿನ್ ಬಂದರೆ ಜಮೀನ್ದಾರ ಬರುತ್ತಾನೆ, ಆದ್ದರಿಂದ ಬಿಳಿಯರ ವಿರುದ್ಧ ಕೆಂಪು ಸೈನ್ಯದ ಜೊತೆ ಸೇರುತ್ತಿದ್ದರು. ಆ ಅಪಾಯ ಕಳೆದ ಕೂಡಲೇ ಕೆಂಪು ಸೈನ್ಯವೇ ಇವರ ಮೇಲೆ ಬೀಳುತ್ತಿತ್ತು.

ಓದಿದವನಿಗೆ ಅಲ್ಲಿ ಏನು ಕೆಲಸ?

ವೋಲಿನ್ 1918ರಲ್ಲಿ ಉಕ್ರೇನಿಗೆ ಬಂದು, ಅರಾಜಕತಾವಾದಿಗಳ ಬೇರೆಬೇರೆ ಗುಂಪುಗಳನ್ನು ಸೇರಿಸಿ 'ನಬಾತ್' ಎಂಬ ಒಕ್ಕೂಟ ಕಟ್ಟುವುದರಲ್ಲಿ ಮುಂದಿದ್ದ. ನಬಾತ್ ಅಂದರೆ ಬೆಂಕಿ ಬಿದ್ದಾಗ ಬಾರಿಸುವ ಗಂಟೆ. 1919ರ ಆಗಸ್ಟಿನಲ್ಲಿ ಅವನು ಮಖ್ನೋನ ಸೈನ್ಯವನ್ನು ಸೇರಿಕೊಂಡ. ಸೇರಿದ್ದು ಗೆಲ್ಲುವ ಹೊತ್ತಿನಲ್ಲಲ್ಲ. ಡೆನಿಕಿನ್ ಅಟ್ಟಿಸಿಕೊಂಡು ಬರುತ್ತಿದ್ದ. ಸೈನ್ಯ, ಗಾಯಾಳುಗಳು, ಸಂಸಾರ ಕಟ್ಟಿಕೊಂಡ ರೈತರು ಎಲ್ಲರೂ ಗಾಡಿಗಳಲ್ಲಿ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ ಹಿಂಜರಿಯುತ್ತಿದ್ದರು. ಉಮಾನ್ ಹತ್ತಿರದ ಪೆರೆಗೊನೊವ್ಕಾದಲ್ಲಿ ಸೆಪ್ಟೆಂಬರ್ 26ರಂದು ತಿರುಗಿ ನಿಂತು ಬಿಳಿ ಸೈನ್ಯವನ್ನು ಮುರಿದರು. ಅಲ್ಲಿಂದ ಬಾಣದ ಹಾಗೆ ಪೂರ್ವಕ್ಕೆ ನುಗ್ಗಿ ಅಕ್ಟೋಬರಿನಲ್ಲಿ ಅಲೆಕ್ಸಾಂಡ್ರೊವ್ಸ್ಕ್ ಪಟ್ಟಣ ಹಿಡಿದರು. ಆ ಪಟ್ಟಣವೇ ಇವತ್ತಿನ ಝಪೊರಿಝಿಯಾ, ನಮ್ಮ ಹುಡುಗ ಓದುತ್ತಿದ್ದ ಊರು.

ಇಂಥ ಸೈನ್ಯದಲ್ಲಿ ಫ್ರೆಂಚ್, ಜರ್ಮನ್ ಬಲ್ಲ, ಡಾಕ್ಟರ ಮಗನಿಗೆ ಏನು ಕೆಲಸ? ಸಾಂಸ್ಕೃತಿಕ ಮತ್ತು ಶಿಕ್ಷಣ ವಿಭಾಗ ಅಂತ ಒಂದಿತ್ತು. ಅದರಲ್ಲಿ ವೋಲಿನ್, ಅರ್ಶಿನೊವ್ ಮುಂತಾದವರು ಕರಪತ್ರ ಬರೆಯುತ್ತಿದ್ದರು, ಪತ್ರಿಕೆ ತರುತ್ತಿದ್ದರು, ಊರೂರಲ್ಲಿ ಸಭೆ ಮಾಡುತ್ತಿದ್ದರು. ಸೈನ್ಯ ಒಂದು ಪಟ್ಟಣ ಹಿಡಿದ ಕೂಡಲೇ ಗೋಡೆಗೆ ಪ್ರಕಟಣೆ ಅಂಟಿಸುತ್ತಿತ್ತು: ನಾವು ಯಾವ ಪಕ್ಷದವರೂ ಅಲ್ಲ, ನಿಮ್ಮನ್ನು ಆಳಲು ಬಂದವರಲ್ಲ, ಮಾತು, ಪತ್ರಿಕೆ, ಸಂಘ ಎಲ್ಲಕ್ಕೂ ಸ್ವಾತಂತ್ರ್ಯವಿದೆ ಎಂಬುದು ಅದರ ಸಾರ. ಯೆಕಟೆರಿನೊಸ್ಲಾವ್ ನಗರ ಇವರ ಕೈಲಿದ್ದಾಗ ಇವರನ್ನೇ ಬೈಯುವ ಬೊಲ್ಶೆವಿಕರ ಪತ್ರಿಕೆ ಕೂಡ ಅಲ್ಲಿ ಹೊರಬರುತ್ತಿತ್ತು.

ಇದರ ಜೊತೆಗೆ, ಸೈನ್ಯಕ್ಕೂ ರೈತರಿಗೂ ನಡುವೆ ಕೊಂಡಿಯಾಗಿದ್ದ ಕ್ರಾಂತಿಕಾರಿ ಸೇನಾ ಮಂಡಳಿಗೆ ವೋಲಿನ್ ಸ್ವಲ್ಪ ಕಾಲ ಅಧ್ಯಕ್ಷನೂ ಆದ. 1905ರಲ್ಲಿ ನಾನು ಕೆಲಸಗಾರನಲ್ಲ ಅಂತ ಕುರ್ಚಿ ಬಿಟ್ಟವನು, ರೈತನಲ್ಲದಿದ್ದರೂ ರೈತರ ಮಂಡಳಿಯ ಕುರ್ಚಿಯಲ್ಲಿ ಕೂತ! ಓದುವಾಗ ನಾನು ಇಲ್ಲಿ ಪುಸ್ತಕ ಮಡಿಚಿಟ್ಟು, ಇದೇನು ಹೀಗೆ ಅಂತ ಯೋಚಿಸಿದೆ. ಮಾತು ತಪ್ಪಿದನೇ? ಅವನು ಆ ಕುರ್ಚಿಯಲ್ಲಿ ಕೂತು ಏನು ಮಾಡಿದ ಅನ್ನುವುದನ್ನು ನೋಡಿದರೆ ಉತ್ತರ ಸ್ವಲ್ಪ ಸಿಗುತ್ತದೆ.

ಕ್ಲೈನ್ ಎಂಬ ಅಧಿಕಾರಿಯ ಕುಡಿತ

1919ರ ಅಕ್ಟೋಬರ್ ಕೊನೆಯಲ್ಲಿ ಅಲೆಕ್ಸಾಂಡ್ರೊವ್ಸ್ಕ್‌ನಲ್ಲಿ ರೈತರು, ಕಾರ್ಮಿಕರು ಮತ್ತು ಹೋರಾಟಗಾರರ ದೊಡ್ಡ ಸಮ್ಮೇಳನ ಸೇರಿತು. ಬಂದವರಲ್ಲಿ ಹೆಚ್ಚಿನವರು ರೈತರು. ವೋಲಿನ್ ಸಭೆ ನಡೆಸಿಕೊಟ್ಟ. ಮೊದಲಿಗೆ ಪ್ರತಿನಿಧಿಗಳು ಬಾಯಿಯೇ ಬಿಡಲಿಲ್ಲವಂತೆ. ಅಷ್ಟು ವರ್ಷ ಅವರು ಕಂಡ ಸಭೆಗಳಲ್ಲಿ ಮೇಲಿನವರು ಮೊದಲೇ ಬರೆದು ತಂದದ್ದಕ್ಕೆ ಇವರು ಕೈ ಎತ್ತಬೇಕಿತ್ತು. ಇಲ್ಲಿ, ಏನು ಚರ್ಚೆ ಮಾಡಬೇಕು ನೀವೇ ಹೇಳಿ ಅಂದಾಗ ನಂಬಿಕೆ ಬರಲಿಲ್ಲ. ನಮ್ಮ ಶಾಲೆಯ ಪೋಷಕರ ಸಭೆಗಳಲ್ಲಿ ನಾನು ಇದನ್ನು ಕಂಡಿದ್ದೇನೆ. ಹಳ್ಳಿಯಿಂದ ಬಂದ ತಾಯಂದಿರು ಹೆಡ್ಮಾಸ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹೊರಗೆ ಬಂದ ಮೇಲೆ ಮರದ ಕೆಳಗೆ ನಿಜ ಮಾತಾಡುತ್ತಾರೆ.

ನಿಧಾನಕ್ಕೆ ನಾಲಿಗೆ ಬಿಚ್ಚಿದವು. ಜಗಳಗಳೂ ಆದವು. ಭಾಷಣದಲ್ಲಿ ಮಖ್ನೋ ಬೇರೆ ಪಕ್ಷದವರನ್ನು ಒರಟಾಗಿ ಹೀಗಳೆದಾಗ ಕೆಲವು ಕಾರ್ಮಿಕ ಪ್ರತಿನಿಧಿಗಳು ಎದ್ದು ಹೊರನಡೆದರು. ಸಮ್ಮೇಳನ ಮುಗಿಯುವ ಹೊತ್ತಿಗೆ, ಇತರೆ ವಿಷಯಗಳು ಅಂದಾಗ, ಒಬ್ಬ ಪ್ರತಿನಿಧಿ ಎದ್ದು ಹಿಂಜರಿಯುತ್ತಾ ಒಂದು ದೂರು ಹೇಳಿದ. ಪಟ್ಟಣದ ಸೇನಾಧಿಕಾರಿ ಕ್ಲೈನ್ ಕುಡಿತದ ವಿರುದ್ಧ ಊರೆಲ್ಲ ಪ್ರಕಟಣೆ ಅಂಟಿಸಿ, ತಾನೇ ಎಲ್ಲರೆದುರು ಕುಡಿದು ತೂರಾಡಿದನಂತೆ, ಇದು ಸರಿಯೇ ಅಂತ.

ಯುದ್ಧದ ನಡುವೆ, ಬಂದೂಕು ಹಿಡಿದ ಅಧಿಕಾರಿಯ ಮೇಲೆ ರೈತನೊಬ್ಬ ದೂರು ಹೇಳುವುದು ಸಣ್ಣ ಮಾತಲ್ಲ. ಸಭೆ ಕ್ಲೈನನನ್ನು ಕರೆಸಿತು. ಅವನು ಬಂದು ನಿಂತ, ತಪ್ಪು ಒಪ್ಪಿಕೊಂಡ. ನಾನು ರಣರಂಗದ ಮನುಷ್ಯ, ನನ್ನನ್ನು ತಂದು ಮೇಜಿನ ಹಿಂದೆ ಕೂರಿಸಿ ಕಾಗದಕ್ಕೆ ರುಜು ಹಾಕಿಸುತ್ತಿದ್ದಾರೆ, ಬೇಸರ ತಡೆಯಲಾರದೆ ಕುಡಿದೆ, ದಯವಿಟ್ಟು ಮತ್ತೆ ಯುದ್ಧಕ್ಕೇ ಕಳಿಸಿ ಅಂತ ಕೇಳಿಕೊಂಡ. ಸಭೆ ನಕ್ಕು, ಕ್ಷಮಿಸಿ, ಹಾಗೇ ಮಾಡಲು ಹೇಳಿತು. ವೋಲಿನ್ ಇದನ್ನು ವಿವರವಾಗಿ ಬರೆದಿದ್ದಾನೆ. ಓದಿದರೆ ಆ ಸಭಾಂಗಣದ ನಗು ಕೇಳಿಸುತ್ತದೆ.

ಕುರ್ಚಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಅವನು ಅಲ್ಲಿ ಕೂತದ್ದು ಅಪ್ಪಣೆ ಕೊಡಲಿಕ್ಕಲ್ಲ, ಹಿಂದಿನ ಬೆಂಚಿನವನ ದೂರು ಮುಂದಕ್ಕೆ ಬರಲಿ ಅಂತ. ಇಡೀ ತರಗತಿ ಮಾತಾಡುವ ಹಾಗೆ ಮಾಡಿ ತಾನು ಸುಮ್ಮನಿರುವುದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೆ ಗೊತ್ತು.

ಸಭೆಯ ಕೈಗೆ ಎಟುಕದ್ದು

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಅದೇ ಸಮ್ಮೇಳನದಲ್ಲಿ ಇನ್ನೊಂದು ದೂರೂ ಬಂತು. ಸೈನ್ಯದ ಗೂಢಚಾರ ವಿಭಾಗ ಮನಸ್ಸಿಗೆ ಬಂದವರನ್ನು ಹಿಡಿಯುತ್ತಿದೆ, ಹಿಂಸೆ ಕೊಡುತ್ತಿದೆ ಎಂದು. ಇದಕ್ಕೆ ಸಭೆಯಲ್ಲಿ ಯಾರೂ ನಗಲಿಲ್ಲ. ವಿಚಾರಣೆಗೆ ಒಂದು ಸಮಿತಿ ನೇಮಿಸಿದರು. ಆದರೆ ಯುದ್ಧ ಮತ್ತೆ ಮೈಮೇಲೆ ಬಂತು, ಸಮಿತಿಗೆ ತನ್ನ ಕೆಲಸ ಪೂರ್ತಿ ಮಾಡಲು ಆಗಲೇ ಇಲ್ಲ.

ಅದೇ ಶರತ್ಕಾಲದಲ್ಲಿ ಆ ಸೀಮೆಯಲ್ಲೇ ಐಖೆನ್‌ಫೆಲ್ಡ್ ಎಂಬ ಹಳ್ಳಿಯಲ್ಲಿ ಒಂದು ರಾತ್ರಿ 70ಕ್ಕೂ ಹೆಚ್ಚು ಜನರ ಕೊಲೆಯಾಯಿತು. ಅದು ಮೆನ್ನೊನೈಟರ ಹಳ್ಳಿ. ಜರ್ಮನ್ ಮಾತಾಡುವ, ಆಯುಧ ಹಿಡಿಯಬಾರದು ಎಂಬ ನಂಬಿಕೆಯ ಕ್ರೈಸ್ತರು ಅವರು. ರಾಣಿ ಕ್ಯಾಥರೀನಳ ಕಾಲದಲ್ಲಿ ಬಂದು ನೆಲೆಸಿ, ದುಡಿದು, ಕೆಲವರು ದೊಡ್ಡ ಜಮೀನುದಾರರೂ ಆಗಿದ್ದರು. ಜರ್ಮನ್ ಸೈನ್ಯ ಬಂದಾಗ ಅವರಲ್ಲಿ ಕೆಲವರು ನಂಬಿಕೆ ಬದಿಗಿಟ್ಟು ಬಂದೂಕನ್ನೂ ಹಿಡಿದರು. ಸುತ್ತಲಿನ ರೈತರ ಹಳೇ ಸಿಟ್ಟು, ಹೊಸ ಸೇಡು, ಮಖ್ನೋ ಸೈನಿಕರ ಕತ್ತಿ, ಎಲ್ಲ ಆ ರಾತ್ರಿ ಒಂದಾದವು. ಇದನ್ನು ನಾನು ಓದಿದ್ದು ಬೇರೆಡೆ. ಎರಡನ್ನೂ ಓದಿದ ಮೇಲೆ ಆ ಸಭೆಯ ನಗು ಮೊದಲಿನಂತೆ ಕೇಳಿಸಲಿಲ್ಲ. ಒಂದು ಕಡೆ ಒಬ್ಬ ಅಧಿಕಾರಿಯ ಕುಡಿತವನ್ನೂ ಜನ ಪ್ರಶ್ನೆ ಮಾಡುವ ಸಭೆ. ಇನ್ನೊಂದು ಕಡೆ ಯಾರೂ ಪ್ರಶ್ನೆ ಮಾಡಲು ಬದುಕುಳಿಯದ ಮನೆಗಳು. ಎರಡೂ ಒಂದೇ ಚಳವಳಿಯ ನೆರಳಿನಲ್ಲಿ.

ಮಖ್ನೋ ಯಹೂದಿ ದ್ವೇಷಿ ಎಂಬ ಆರೋಪವೂ ಇತ್ತು. ಇಲ್ಲಿ ಮಾತ್ರ ದಾಖಲೆ ಬೇರೆ ಹೇಳುತ್ತದೆ. ಯಹೂದಿಗಳನ್ನು ಕೊಲ್ಲಿಸಿದ ಗ್ರಿಗೊರಿಯೆವ್ ಎಂಬ ದಂಡನಾಯಕನನ್ನು ಮಖ್ನೋನ ಕಡೆಯವರು 1919ರ ಜುಲೈನಲ್ಲಿ ಸಭೆಯಲ್ಲೇ ಗುಂಡಿಕ್ಕಿ ಕೊಂದರು. ಸ್ವತಃ ಯಹೂದಿ ಮೂಲದ ವೋಲಿನ್ ಈ ಆರೋಪಕ್ಕೆ ಜೀವನಪೂರ್ತಿ ಉತ್ತರ ಕೊಡುತ್ತಲೇ ಇದ್ದ.

ಪಟ್ಟಣಗಳಲ್ಲಿ ಇನ್ನೊಂದು ಬಗೆಯ ತೊಡಕು. ಸಂಬಳವಿಲ್ಲದೆ ಕಂಗಾಲಾಗಿದ್ದ ರೈಲ್ವೆ ಕೆಲಸಗಾರರಿಗೆ ಮಖ್ನೋ, ರೈಲು ನೀವೇ ಓಡಿಸಿ, ದರ ನೀವೇ ಇಟ್ಟುಕೊಳ್ಳಿ ಅಂದ. ಗೋಧಿ ಬೆಳೆಯುವವನಿಗೆ ಇದು ಸರಳ. ತಿಂಗಳ ಸಂಬಳದಲ್ಲೇ ರೊಟ್ಟಿ ಕೊಳ್ಳಬೇಕಾದವನಿಗೆ ಹಾಗಲ್ಲ. ಹಳ್ಳಿಯ ಲೆಕ್ಕ ಪಟ್ಟಣಕ್ಕೆ ಕೂಡಿಬರಲಿಲ್ಲ.

ಜೈಲು, ಮತ್ತೆ ಜೈಲು

ಆ ಚಳಿಗಾಲ ಸೈನ್ಯಕ್ಕೆ ಟೈಫಸ್ ಜ್ವರ ಬಡಿಯಿತು. ವೋಲಿನ್ ಕೂಡ ಮಲಗಿದ. 1920ರ ಜನವರಿಯಲ್ಲಿ, ಇನ್ನೂ ಏಳಲಾಗದ ಸ್ಥಿತಿಯಲ್ಲಿದ್ದಾಗ, ಕೆಂಪು ಸೈನ್ಯದವರು ಅವನನ್ನು ಹಿಡಿದರು. ಮಾಸ್ಕೋದ ಬುತಿರ್ಕಾ ಜೈಲು, ಹಿಂದೆ ಮಖ್ನೋ ಅಕ್ಷರ ತಿದ್ದಿದ ಅದೇ ಜೈಲು. ಅಕ್ಟೋಬರಿನಲ್ಲಿ ಬಿಳಿ ಸೇನಾಪತಿ ರ‍್ಯಾಂಗೆಲ್ ಬಲವಾದಾಗ ಬೊಲ್ಶೆವಿಕರಿಗೆ ಮಖ್ನೋನ ಸಹಾಯ ಬೇಕಾಯಿತು. ಒಪ್ಪಂದವಾಯಿತು, ಕೈದಿಗಳನ್ನು ಬಿಡಬೇಕು ಎಂಬ ಷರತ್ತಿನಲ್ಲಿ ವೋಲಿನ್ ಹೊರಬಂದ.

ಆ ಎರಡು ತಿಂಗಳ ಬಿಡುವಿನಲ್ಲಿ ಹುಲ್ಯಾಪೋಲೆಯ ಜನ ಏನು ಮಾಡಿದರು ಗೊತ್ತೇ? ಶಾಲೆಗೆ ಕೈಹಾಕಿದರು. ಸರ್ಕಾರದ್ದೂ ಅಲ್ಲದ, ಚರ್ಚಿನದೂ ಅಲ್ಲದ, ತಂದೆತಾಯಿ ಮತ್ತು ಮೇಷ್ಟ್ರುಗಳೇ ಸೇರಿ ನಡೆಸುವ ಶಾಲೆ. ಓದು ಬಾರದ ದೊಡ್ಡವರಿಗೆ ತರಗತಿ. ನಾಟಕ. ಸುತ್ತ ಯುದ್ಧ ಇರುವಾಗ ಮಗ್ಗಿ ಕಲಿಸಲು ಕೂತ ಊರು. ನಾನು ಮೇಷ್ಟ್ರಮ್ಮ, ಪುಸ್ತಕದ ಈ ಪುಟಕ್ಕೆ ಗುರುತಿಟ್ಟಿದ್ದೇನೆ.

ಮಖ್ನೋನ ದಳ ಕ್ರೈಮಿಯಾದಲ್ಲಿ ರ‍್ಯಾಂಗೆಲ್ಲನನ್ನು ಸೋಲಿಸಲು ನೆರವಾಯಿತು. ಗೆಲುವಿನ ಬೆನ್ನಲ್ಲೇ, ನವೆಂಬರ್ 26ರಂದು, ಕೆಂಪು ಸೈನ್ಯ ತಿರುಗಿಬಿತ್ತು. ಖಾರ್ಕಿವ್ ನಗರದಲ್ಲಿ ವೋಲಿನ್ ಮತ್ತೆ ಬಂಧಿಯಾದ. 1921ರ ಜುಲೈನಲ್ಲಿ ಯುರೋಪಿನ ಕಾರ್ಮಿಕ ಪ್ರತಿನಿಧಿಗಳು ಮಾಸ್ಕೋಗೆ ಬಂದಿದ್ದಾಗ ಅವನೂ ಜೊತೆಗಾರರೂ ಜೈಲಿನಲ್ಲಿ ಹತ್ತು ದಿನಕ್ಕೂ ಮೀರಿ ಉಪವಾಸ ಕೂತರು. ಹೊರಗಿನವರ ಎದುರು ಮರ್ಯಾದೆ ಹೋಗುತ್ತದೆ ಅಂತ ಅವರಲ್ಲಿ ಹತ್ತು ಜನರನ್ನು ದೇಶದಿಂದಲೇ ಹೊರಗೆ ಹಾಕಿದರು. 1922ರ ಆರಂಭಕ್ಕೆ ವೋಲಿನ್ ಬರ್ಲಿನ್ನಿನಲ್ಲಿದ್ದ. ಮಖ್ನೋ ಅದಕ್ಕೆ ಮೊದಲೇ, ಗಾಯಗಳಿಂದ ಜರ್ಜರಿತನಾಗಿ ರುಮೇನಿಯಾದ ಗಡಿ ದಾಟಿದ್ದ.

ಕೊನೆಗೆ ಉಳಿದ ಕೆಲಸ

ಕೊನೆಗೆ ಇಬ್ಬರೂ ಪ್ಯಾರಿಸ್ಸಿಗೆ ಬಂದು ಸೇರಿದರು. ಸೋತವರು ಒಂದೇ ಊರಲ್ಲಿದ್ದರೆ ಏನಾಗುತ್ತದೋ ಅದೇ ಆಯಿತು. ನಾವು ಸೋತದ್ದೇಕೆ ಎಂಬ ಮಾತಿಗೆ ಜಗಳ. ನಮಗೆ ಗಟ್ಟಿ ಸಂಘಟನೆ, ಒಂದೇ ನೀತಿ ಇರಲಿಲ್ಲ ಅಂತ 1926ರಲ್ಲಿ ಅರ್ಶಿನೊವ್, ಮಖ್ನೋ ಮುಂತಾದವರು ಹೇಳಿದರು. ಹಾಗೆ ಮಾಡಿದರೆ ನಾವೂ ಬೊಲ್ಶೆವಿಕರೇ ಆಗುತ್ತೇವೆ ಅಂತ ವೋಲಿನ್ ವಿರೋಧಿಸಿದ. ಮನಸ್ಸು ಮುರಿಯಿತು. ರೆನೋ ಕಾರಿನ ಕಾರ್ಖಾನೆಯಲ್ಲಿ ದುಡಿದು, ಕ್ಷಯರೋಗದಿಂದ ಸವೆದು, ಮಖ್ನೋ 1934ರ ಜುಲೈನಲ್ಲಿ ತೀರಿಕೊಂಡ. ಅರ್ಶಿನೊವ್ ಸೋವಿಯತ್ ದೇಶಕ್ಕೆ ಮರಳಿ ಸ್ಟಾಲಿನ್ನನ ಶುದ್ಧೀಕರಣದಲ್ಲಿ ಕಣ್ಮರೆಯಾದ.

ಆಮೇಲೆ ವೋಲಿನ್ ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತನ್ನೊಡನೆ ಮಾತು ಬಿಟ್ಟು ಸತ್ತವನ ಆತ್ಮಕಥೆಯ ಎರಡು ಮತ್ತು ಮೂರನೇ ಸಂಪುಟಗಳನ್ನು ಕೂತು ತಿದ್ದಿ ಪ್ರಕಟಣೆಗೆ ಸಿದ್ಧ ಮಾಡಿದ. 1936 ಮತ್ತು 1937ರಲ್ಲಿ ಅವು ಹೊರಬಂದವು. ಫ್ರಾನ್ಸ್ ಹಿಟ್ಲರನಿಗೆ ಸೋತ ಮೇಲೆ ಅವನು ಮಾರ್ಸೇಲ್ಸ್ ನಗರದಲ್ಲಿದ್ದ. ಯಹೂದಿ, ಅದರ ಮೇಲೆ ಅರಾಜಕತಾವಾದಿ. ಸಿಕ್ಕರೆ ಉಳಿಗಾಲವಿಲ್ಲ. ಬಡತನ, ಮನೆಯಿಂದ ಮನೆಗೆ ಓಡಾಟ, ಅದರ ನಡುವೆಯೇ 'ಅಜ್ಞಾತ ಕ್ರಾಂತಿ' ಎಂಬ ದೊಡ್ಡ ಪುಸ್ತಕದ ಬರವಣಿಗೆ. ಅದರಲ್ಲಿ ಮಖ್ನೋನನ್ನು ಹೊಗಳಿದ್ದಾನೆ. ಜೊತೆಗೆ ಅವನ ಕುಡಿತ, ಕುಡಿದಾಗ ಹೆಂಗಸರ ಜೊತೆಗಿನ ಕೆಟ್ಟ ನಡತೆ, ಸುತ್ತಲೂ ಕಟ್ಟಿಕೊಂಡ ಹೊಗಳುಭಟರ ಕೂಟ, ಇವನ್ನೂ ಮುಚ್ಚಿಡದೆ ಬರೆದಿದ್ದಾನೆ. ಗೂಢಚಾರ ವಿಭಾಗದ ಮೇಲಿನ ದೂರು ನನಗೆ ತಿಳಿದದ್ದು ಕೂಡ ಅವನ ಪುಸ್ತಕದಿಂದಲೇ. ಅವನ ಬರಹವೂ ಒಂದು ಪಕ್ಷದವನ ಬರಹ, ಒಪ್ಪುತ್ತೇನೆ. ಆದರೆ ತನ್ನ ಕಡೆಯ ತಪ್ಪನ್ನು ತನ್ನ ಕೈಯಿಂದಲೇ ಬರೆದಿಟ್ಟವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಮಖ್ನೋಗೆ ಬಂದ ಕ್ಷಯವೇ ವೋಲಿನ್‌ಗೂ ಬಂತು. 1945ರ ಸೆಪ್ಟೆಂಬರ್ 18ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1947ರಲ್ಲಿ, ಅವನು ನೋಡಲಿಲ್ಲ. ಪೇರ್ ಲಾಶೇಸ್ ಎಂಬ ಸ್ಮಶಾನದಲ್ಲಿ ಇಬ್ಬರ ಚಿತಾಭಸ್ಮವೂ ಇದೆ. ಬದುಕಿದ್ದಾಗ ಮಾತು ಬಿಟ್ಟವರು ಈಗ ಒಂದೇ ಕಡೆ ಇದ್ದಾರೆ.

ನಾವು ಚಿಕ್ಕವರಿದ್ದಾಗ ಮನೆಗೆ ಸೋವಿಯತ್ ಪತ್ರಿಕೆ ಬರುತ್ತಿತ್ತು. ಅದರ ನುಣುಪು ಕಾಗದದಲ್ಲಿ ನೋಟ್‌ಬುಕ್ಕಿಗೆ ಬೈಂಡು ಹಾಕುತ್ತಿದ್ದೆವು. ಗೋಧಿ ತೆನೆ ಹಿಡಿದು ನಗುವ ಉಕ್ರೇನಿನ ರೈತ ಹೆಂಗಸರ ಚಿತ್ರ ನನ್ನ ಗಣಿತದ ಪುಸ್ತಕದ ಮೇಲಿತ್ತು. ಆ ಹೆಂಗಸಿನ ಅಪ್ಪನೋ ಅಜ್ಜನೋ ಯಾವ ಸಭೆಯಲ್ಲಿ ಕೂತಿದ್ದ, ಯಾರ ಮೇಲೆ ದೂರು ಹೇಳಿದ್ದ ಅಂತ ಆ ಪತ್ರಿಕೆ ಹೇಳಲಿಲ್ಲ, ನಾನು ನಡೆಸಿದ ಪಠ್ಯಪುಸ್ತಕವೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ನಾನೂ ಹೇಳಲಿಲ್ಲ.

ಮೊನ್ನೆ ಅಕ್ಕನ ಮಗ ಬಂದಿದ್ದ. ಕಥೆಯೆಲ್ಲ ಕೇಳಿ, "ಹಾಗಾದ್ರೆ ವೋಲಿನ್ ಗೆದ್ನಾ ಸೋತ್ನಾ, ಚಿಕ್ಕಮ್ಮ?" ಅಂದ.

"ಸೋತ ಕಣೋ. ಆದ್ರೆ ಮಿನಿಟ್ಸ್ ಬರೆದಿಟ್ಟ" ಅಂದೆ.

ಅವನ ಕ್ಲಾಸ್‌ಮೇಟಿನ ಅಜ್ಜಿ ಹುಲ್ಯಾಪೋಲೆ ಬಿಟ್ಟು ಈಗ ಮಗಳ ಜೊತೆ ಬೇರೆ ಊರಲ್ಲಿದ್ದಾರಂತೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಆ ಸಮ್ಮೇಳನಕ್ಕೆ ಹೋಗಿದ್ದರೇ ಅಂತ ಕೇಳಲು ಹೇಳಿದ್ದೇನೆ. ಅಜ್ಜಿಯ ಕಿವಿ ಮಂದ, ಕರೆಂಟು ಇದ್ದಾಗ ಮಾತ್ರ ಫೋನು. ಕೇಳಿ ತಿಳಿಸುತ್ತೇನೆ ಅಂದಿದ್ದಾಳಂತೆ. ಓದುಗರ ಮನೆಯ ಮಕ್ಕಳು ಯಾರಾದರೂ ಆ ಸೀಮೆಯಲ್ಲಿ ಓದಿ, ಇಂಥ ಮನೆಮಾತಿನ ಕಥೆ ಕೇಳಿಸಿಕೊಂಡು ಬಂದಿದ್ದರೆ ನೀವೂ ಬರೆದು ತಿಳಿಸಿ. ಸೇರಿಸಿ ಓದೋಣ.